ಎರಡು ಹಾಳೆ, ಒಂದು ಪೆನ್ಸಿಲ್ಲು

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪಕ್ಕದಲ್ಲಿ ವಾಲ್ಡಾವ್ ಎಂಬ ಮಾನಸಿಕ ಆಸ್ಪತ್ರೆ ಇದೆ. ನೂರು ವರ್ಷಗಳ ಹಿಂದೆ ಅಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಒಬ್ಬ ರೋಗಿಯ ಕೈಗೆ ಒಂದು ಹೊಸ ಪೆನ್ಸಿಲ್ಲು, ಅಚ್ಚಾಗದ ಪತ್ರಿಕೆ ಕಾಗದದ ಎರಡು ದೊಡ್ಡ ಹಾಳೆ ಕೊಡುತ್ತಿದ್ದರು. ವಾರಕ್ಕೆ ಅಷ್ಟೇ. ಪೆನ್ಸಿಲ್ಲು ಎರಡು ದಿನಕ್ಕೆ ಸವೆದುಹೋಗುತ್ತಿತ್ತು. ಆಮೇಲೆ ಆತ ಕೂಡಿಟ್ಟ ತುಂಡುಗಳಿಂದ, ಸಿಕ್ಕವರನ್ನು ಕಾಡಿ ಬೇಡಿ ತಂದ ಮೊನೆಗಳಿಂದ ಕೆಲಸ ಮುಂದುವರಿಸುತ್ತಿದ್ದ. ಚೂರು ಎಷ್ಟು ಚಿಕ್ಕದಾಗುತ್ತಿತ್ತೆಂದರೆ ಎರಡು ಉಗುರುಗಳ ನಡುವೆ ಹಿಡಿದು ಗೀಚಬೇಕಾಗುತ್ತಿತ್ತು. ಆತನ ಹೆಸರು ಅಡಾಲ್ಫ್ ವೋಲ್‌ಫ್ಲಿ. 1864ರಲ್ಲಿ ಹುಟ್ಟಿದ ಅನಾಥ, ಜೀತದಂಥ ಕೂಲಿಯಲ್ಲಿ ಬೆಳೆದವನು. ಪುಟ್ಟ ಹುಡುಗಿಯರ ಮೇಲೆ ದೌರ್ಜನ್ಯಕ್ಕೆ ಯತ್ನಿಸಿ ಜೈಲು ಸೇರಿದ್ದವನು ಎಂಬುದನ್ನೂ ಮುಚ್ಚಿಡುವಂತಿಲ್ಲ. 1895ರಲ್ಲಿ ಆಸ್ಪತ್ರೆಗೆ ಬಂದವನು 1930ರಲ್ಲಿ ಸಾಯುವವರೆಗೆ ಅಲ್ಲೇ ಇದ್ದ. ಬಿಟ್ಟುಹೋದದ್ದು 45 ಸಂಪುಟ, ಸುಮಾರು 25,000 ಪುಟ: ಕಲ್ಪಿತ ಆತ್ಮಕಥೆ, ಚಿತ್ರ, ತಾನೇ ಕಟ್ಟಿಕೊಂಡ ಸ್ವರಲಿಪಿಯ ಸಂಗೀತ. ಆ ಸಂಗೀತವನ್ನು ಕಾಗದ ಸುತ್ತಿ ಮಾಡಿದ ಕಹಳೆಯಲ್ಲಿ ತಾನೇ ಊದುತ್ತಿದ್ದ. 1921ರಲ್ಲಿ ಅಲ್ಲಿನ ವೈದ್ಯ ವಾಲ್ಟರ್ ಮಾರ್ಗೆಂಥಾಲರ್ ಅವನ ಬಗ್ಗೆ ಪುಸ್ತಕ ಬರೆದಾಗ ಅವನ ನಿಜವಾದ ಹೆಸರನ್ನೇ ಹಾಕಿ, ಅವನನ್ನು ಕಲಾವಿದ ಎಂದೇ ಕರೆದರು.

ಇಂಥವರ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ಹುಚ್ಚಿಗೂ ಪ್ರತಿಭೆಗೂ ನಂಟಿದೆಯೇ? ಗ್ರೀಕರ ಕಾಲದಿಂದ ಕೇಳುತ್ತ ಬಂದ ಪ್ರಶ್ನೆ ಇದು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ ಎಂದು ನನಗೆ ಅನ್ನಿಸುತ್ತದೆ. ಆ ಎರಡು ಹಾಳೆಯನ್ನು ಕೊಟ್ಟವರು ಯಾರು, ಬರೆದದ್ದನ್ನು ಒಲೆಗೆ ಹಾಕದೆ ಎತ್ತಿಟ್ಟವರು ಯಾರು? ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆಯಂಥ ಕಾಯಿಲೆ ಹೊತ್ತವರು ಹಾಡುತ್ತ, ಬರೆಯುತ್ತ, ಚಿತ್ರ ಬಿಡಿಸುತ್ತ ಬದುಕಲು ಏನೇನು ಒದಗಬೇಕು? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 1.9ರಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ತೀವ್ರ ಮಾನಸಿಕ ಕಾಯಿಲೆ ಬಂದಿರುತ್ತದೆ, ಶೇ. 0.8ರಷ್ಟು ಮಂದಿ ಸದ್ಯ ಅದನ್ನು ಅನುಭವಿಸುತ್ತಿರುತ್ತಾರೆ. ಇವರಲ್ಲಿ ಹಾಡುವವರು, ಬರೆಯುವವರು, ರಂಗೋಲಿ ಹಾಕುವವರು, ತಾಳ ಹಿಡಿಯುವವರು ಎಷ್ಟೋ ಮಂದಿ ಇದ್ದೇ ಇರುತ್ತಾರೆ. ನನ್ನ ಪ್ರಶ್ನೆ ಅವರ ಕುರಿತದ್ದು.

ಹಳೆಯ ಪ್ರಶ್ನೆಗೆ ವಿಜ್ಞಾನ ಕೊಟ್ಟ ಉತ್ತರವನ್ನೂ ನೋಡಿಬಿಡೋಣ. ಮನೋವೈದ್ಯೆ ನ್ಯಾನ್ಸಿ ಆಂಡ್ರಿಯಾಸನ್ ಅಮೆರಿಕದ ಆಯೋವಾ ಬರಹಗಾರರ ಕಾರ್ಯಾಗಾರದ 30 ಲೇಖಕರನ್ನು ಮಾತಾಡಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇ. 80ರಷ್ಟು ಮಂದಿ ಖಿನ್ನತೆಯನ್ನೋ ಉನ್ಮಾದವನ್ನೋ ಒಮ್ಮೆಯಾದರೂ ಕಂಡಿದ್ದರು. ಹೋಲಿಕೆಗೆ ತೆಗೆದುಕೊಂಡ ಬೇರೆ ವೃತ್ತಿಯವರಲ್ಲಿ ಇದು ಶೇ. 30. ಈ ಅಂಕಿ ಲೋಕವೆಲ್ಲ ಸುತ್ತಿತು. ಆದರೆ ಗುಂಪು ತೀರ ಚಿಕ್ಕದು. ಜೊತೆಗೆ, ಎದುರಿಗಿರುವವರು ಲೇಖಕರು ಎಂದು ಗೊತ್ತಿದ್ದೇ ಪ್ರಶ್ನೆ ಕೇಳಿದ್ದರು. ಮುಂದೆ ಸ್ವೀಡನ್ನಿನಲ್ಲಿ ಸೈಮನ್ ಕ್ಯಾಗಾ ಮತ್ತು ಸಂಗಡಿಗರು ಇಡೀ ದೇಶದ ದಾಖಲೆ ಹಿಡಿದು, 2011ರಲ್ಲಿ ಸುಮಾರು ಮೂರು ಲಕ್ಷ, 2013ರಲ್ಲಿ ಹೆಚ್ಚುಕಡಿಮೆ ಹನ್ನೆರಡು ಲಕ್ಷ ರೋಗಿಗಳ ಲೆಕ್ಕ ತೆಗೆದರು. ಬೈಪೋಲಾರ್ ಇರುವವರು ಸೃಜನಶೀಲ ವೃತ್ತಿಗಳಲ್ಲಿ ಸ್ವಲ್ಪ ಹೆಚ್ಚಿದ್ದರು; ಉಳಿದ ಕಾಯಿಲೆಗಳಲ್ಲಿ ಒಟ್ಟಾರೆ ಅಂಥ ನಂಟು ಕಾಣಲಿಲ್ಲ. ಲೇಖಕರಲ್ಲಿ ಮಾತ್ರ ಕಾಯಿಲೆಯೂ ಹೆಚ್ಚು, ಆತ್ಮಹತ್ಯೆಯೂ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ. ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ ಇರುವವರ *ಆರೋಗ್ಯವಂತ* ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಕಲೆಯ ವೃತ್ತಿಗಳಲ್ಲಿ ಹೆಚ್ಚಾಗಿ ಸಿಕ್ಕರು. ಅಂದರೆ ಆ ಮನೆತನಗಳಲ್ಲಿ ಏನೋ ಒಂದು ಗುಣ ಹರಿದು ಬಂದಿರಬಹುದು. ಕಾಯಿಲೆ ಬಾರದವರಿಗೆ ಅದು ಹೆಚ್ಚು ದಕ್ಕುತ್ತದೆ. ಕಾಯಿಲೆ ಕಲೆಯನ್ನು ಕೊಡುವುದಿಲ್ಲ, ಕಸಿಯುತ್ತದೆ.

ದೊಡ್ಡ ಹೆಸರುಗಳ ಜೀವನ ಬಿಡಿಸಿ ನೋಡಿದರೂ ಇದೇ ಕಾಣುತ್ತದೆ. ವ್ಯಾನ್ ಗೋ 1889ರ ಮೇ ತಿಂಗಳಿಂದ ಒಂದು ವರ್ಷ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದ. ಆ ವರ್ಷದಲ್ಲಿ ಸುಮಾರು 150 ಚಿತ್ರ ಬರೆದ. ಹುಚ್ಚು ಹೆಚ್ಚಾದಾಗ ಬರೆದ ಎಂದು ಎಷ್ಟೋ ಜನ ನಂಬಿದ್ದಾರೆ. ನಡೆದದ್ದು ಅದಲ್ಲ. ಜುಲೈನಲ್ಲಿ ಕಾಯಿಲೆ ಕೆರಳಿದಾಗ ಆತ ಬಣ್ಣವನ್ನೇ ನುಂಗಿದ್ದ, ವಾರಗಟ್ಟಲೆ ಕುಂಚ ಮುಟ್ಟಲಾಗಲಿಲ್ಲ. ಚಿತ್ರಗಳು ಬಹುಪಾಲು ಬಿಡುವು ಸಿಕ್ಕ ದಿನಗಳವು. ಜರ್ಮನಿಯ ಸಂಗೀತಕಾರ ಶೂಮನ್ 1840ರಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಹಾಡು ಕಟ್ಟಿದ, 1849ರಲ್ಲೂ ಕೃತಿಗಳು ಸುರಿದವು, ನಡುವಿನ 1844 ಹೆಚ್ಚುಕಡಿಮೆ ಬರಿದು. ಉತ್ಸಾಹ ಉಕ್ಕಿದ ವರ್ಷಗಳಲ್ಲಿ ಸಂಖ್ಯೆ ಹೆಚ್ಚಾಯಿತು, ನಿಜ. ಆದರೆ ಆ ವರ್ಷಗಳ ಕೃತಿಗಳು ಉಳಿದವಕ್ಕಿಂತ ಉತ್ತಮವೇ ಎಂದು ರಾಬರ್ಟ್ ವೈಸ್‌ಬರ್ಗ್ 1994ರಲ್ಲಿ ಅಳೆದು ನೋಡಿದರು. ಧ್ವನಿಮುದ್ರಿಕೆಗಳ ಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡರೆ ಅಂಥ ವ್ಯತ್ಯಾಸ ಸಿಗಲಿಲ್ಲ. 1854ರಲ್ಲಿ ರೈನ್ ನದಿಗೆ ಹಾರಿ ಬದುಕುಳಿದ ಶೂಮನ್ ಎರಡು ವರ್ಷ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಶಿಲ್ಪಿ ಕಮೀಲ್ ಕ್ಲೋಡೆಲ್ ಕಥೆ ಇನ್ನೂ ಕ್ರೂರ. 1913ರಲ್ಲಿ ಮನೆಯವರು ಆಕೆಯನ್ನು ಆಸ್ಪತ್ರೆಗೆ ಹಾಕಿದರು. ಬಿಡುಗಡೆ ಮಾಡಬಹುದೆಂದು ವೈದ್ಯರು ಹೇಳಿದರೂ ಕರೆದೊಯ್ಯಲಿಲ್ಲ. 1943ರಲ್ಲಿ ಸಾಯುವವರೆಗೆ, ಮೂವತ್ತು ವರ್ಷ, ಆಕೆ ಶಿಲ್ಪ ಮಾಡಲಿಲ್ಲ.

ಕಾಯಿಲೆಯೇ ಪ್ರತಿಭೆಯ ಮೂಲ ಎಂಬ ನಂಬಿಕೆ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಮಾತ್ರೆಯ ವಿಷಯದಲ್ಲಿ. ‘ಮಾತ್ರೆ ತಗೊಂಡ್ರೆ ಹಾಡೋಕಾಗಲ್ಲ, ತಲೆ ಮಂಕಾಗತ್ತೆ’ ಎನ್ನುವ ಹುಡುಗ ಹುಡುಗಿಯರ ಭಯವನ್ನು ಗದರಿಸಿ ಓಡಿಸಲಾಗದು. ಅದರಲ್ಲಿ ಅರ್ಧ ನಿಜವಿದೆ. ಬೈಪೋಲಾರ್‌ಗೆ ಲಿಥಿಯಂ ಕೆಲಸ ಮಾಡುತ್ತದೆಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ತೋರಿಸಿಕೊಟ್ಟರು. ಡೆನ್ಮಾರ್ಕಿನ ಮೊಗೆನ್ಸ್ ಶೌ 1979ರಲ್ಲಿ ಲಿಥಿಯಂ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು ವಿಚಾರಿಸಿದರು. ಕೆಲಸ ಹೆಚ್ಚಾಯಿತು ಎಂದವರು 12, ಬದಲಾಗಲಿಲ್ಲ ಎಂದವರು 6, ಕಡಿಮೆಯಾಯಿತು ಎಂದವರು 6. ಆ ಕೊನೆಯ ಆರು ಮಂದಿಯನ್ನು ನಾನು ಮರೆಯಲಾರೆ. ಅವರ ಮಾತು ಸುಳ್ಳಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ತನಗೇ ಬೈಪೋಲಾರ್ ಇದೆ ಎಂದು 1995ರ ಆತ್ಮಕಥನದಲ್ಲಿ ಬಹಿರಂಗವಾಗಿ ಬರೆದರು. ಕಾಯಿಲೆ-ಕಲೆಗಳ ನಂಟಿನ ಬಗ್ಗೆ ಅವರಿಗಿಂತ ಒಲವಿನಿಂದ ಬರೆದವರಿಲ್ಲ. ಆ ಉಬ್ಬರದ ಮೋಹಕ್ಕೆ ಲಿಥಿಯಂ ಬಿಟ್ಟು ಬಿಟ್ಟು ನೋಡಿ, ಪ್ರಾಣವನ್ನೇ ಕಳೆದುಕೊಳ್ಳುವ ಹಂತ ತಲುಪಿದ ಮೇಲೆ ಮಾತ್ರೆಗೆ ಮರಳಿದವರೂ ಅವರೇ.

ಲಿಥಿಯಂ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಬೆರಳು ಸಣ್ಣಗೆ ನಡುಗುತ್ತದೆ. ಊಟ ಮಾಡುವಾಗ ಅದು ಗೊತ್ತೇ ಆಗದಿರಬಹುದು. ವೀಣೆಯ ಮೇಲೆ ಗಮಕ ನುಡಿಸುವಾಗ ಗೊತ್ತಾಗುತ್ತದೆ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳು ಮೈ ಬಿಗಿಸುತ್ತವೆ. ಮೃದಂಗ ನುಡಿಸುವವನ ಮಣಿಕಟ್ಟಿಗೆ ಆ ಬಿಗಿತ ಏನು ಮಾಡುತ್ತದೆಂದು ಯೋಚಿಸಿ. ಕೆಲವು ಹೊಸ ಔಷಧಗಳು ಬೆಳಗಿನ ಸಾಧಕದ ಹೊತ್ತನ್ನು ನಿದ್ದೆಗೆ ಒಪ್ಪಿಸುತ್ತವೆ. ಇದಕ್ಕೆಲ್ಲ ಉಪಾಯ ಇಲ್ಲದಿಲ್ಲ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ನೋಡಿ ಪ್ರಮಾಣ ತಗ್ಗಿಸಬಹುದು, ನಡುಕಕ್ಕೆ ಬೇರೆ ಮಾತ್ರೆ ಸೇರಿಸಬಹುದು, ಹೊತ್ತು ಬದಲಿಸಬಹುದು, ಔಷಧವನ್ನೇ ಬದಲಿಸಬಹುದು. ಆದರೆ ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ‘ನಿದ್ದೆ ಬರತ್ತಾ, ಯಾರದ್ದೋ ದನಿ ಕೇಳಿಸತ್ತಾ’ ಎಂದು ಕೇಳುವವರು ‘ಕೈ ಹೇಗಿದೆ, ನುಡಿಸೋಕೆ ಆಗ್ತಿದೆಯಾ’ ಎಂದು ಕೇಳುವುದು ಅಪರೂಪ. ಕೇಳದಿದ್ದರೆ ರೋಗಿ ಹೇಳುವುದಿಲ್ಲ, ಸುಮ್ಮನೆ ಮಾತ್ರೆ ಬಿಡುತ್ತಾನೆ. ಹಾಗಾಗಿ, ವೈದ್ಯರು ಕೇಳಲಿ ಬಿಡಲಿ, ಮಾತ್ರೆ ತೆಗೆದುಕೊಳ್ಳುವವರೇ ಹೇಳಿಬಿಡುವುದು ಒಳ್ಳೆಯದು.

ಔಷಧಗಳೇ ಇಲ್ಲದ ಕಾಲದಿಂದಲೂ ಆಸ್ಪತ್ರೆಯ ಗೋಡೆಗಳ ಒಳಗೆ ಜನ ಏನು ಮಾಡುತ್ತ ಬಂದರು ಎಂಬುದನ್ನು ನೆನೆದರೆ ಎದೆ ತುಂಬಿ ಬರುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಒಂದು ಜಾಕೀಟು ಇದೆ. ಆಗ್ನೆಸ್ ರಿಕ್ಟರ್ ಎಂಬ ದರ್ಜಿ ಹೆಂಗಸು 1895ರಲ್ಲಿ ಆಸ್ಪತ್ರೆಯಲ್ಲಿದ್ದಾಗ, ಅಲ್ಲಿ ಕೊಡುವ ಬೂದು ಬಣ್ಣದ ಒರಟು ಬಟ್ಟೆಯಿಂದ ತನ್ನ ಮೈಯಳತೆಗೆ ಹೊಲಿದುಕೊಂಡದ್ದು. ಅದರ ಮೇಲೆಲ್ಲ ಬಣ್ಣದ ದಾರದಲ್ಲಿ ಅಕ್ಷರ ಕಸೂತಿ ಮಾಡಿದ್ದಾಳೆ, ಸಾಲಿನ ಮೇಲೆ ಸಾಲು, ಒಂದರ ಮೇಲೊಂದು ಹತ್ತಿ. ಹಳೆಯ ಜರ್ಮನ್ ಲಿಪಿಯ ಆ ಬರಹವನ್ನು ಇವತ್ತಿಗೂ ಯಾರೂ ಪೂರ್ತಿ ಓದಿಲ್ಲ; ‘ನಾನು’, ‘ನನ್ನ’ ಎಂಬವು ಮತ್ತೆ ಮತ್ತೆ ಬರುತ್ತವೆ, ಅವಳ ಬಟ್ಟೆಗೆ ಆಸ್ಪತ್ರೆ ಕೊಟ್ಟ 583 ಎಂಬ ಸಂಖ್ಯೆಯೂ ಬರುತ್ತದೆ. ಕೆಲವು ಸಾಲು ಒಳಮೈಗೆ ತಾಗುವಂತೆ ಒಳಬದಿಗೆ ಹೊಲಿದದ್ದು. ಕಂಕುಳ ಬಳಿ ಬೆವರಿನ ಕಲೆ ಹಾಗೇ ಇದೆ. ತೊಟ್ಟು ಓಡಾಡಿದ ಬರಹ ಅದು.

ಮೆಕ್ಸಿಕೋದಿಂದ 1925ರಲ್ಲಿ ಕೂಲಿ ಹುಡುಕಿ ಅಮೆರಿಕಕ್ಕೆ ಬಂದ ಮಾರ್ಟಿನ್ ರಮಿರೆಸ್ ರೈಲು ಹಳಿಯ ಕೆಲಸ ಮಾಡಿದ, 1931ರಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆ ಸೇರಿದ, ಮತ್ತೆ ಊರು ಕಾಣಲಿಲ್ಲ. ವಾರ್ಡಿನಲ್ಲಿ ಕಾಗದವಿರಲಿಲ್ಲ. ಆಲೂಗಡ್ಡೆ, ಬ್ರೆಡ್ಡು ಜಗಿದು ಎಂಜಲು ಬೆರೆಸಿ ಅಂಟು ಮಾಡಿ, ಪರೀಕ್ಷಾ ಮಂಚದ ಹಾಸುಕಾಗದ, ಲಕೋಟೆ, ಕಾಗದದ ಲೋಟಗಳನ್ನು ಜೋಡಿಸಿ ದೊಡ್ಡ ಹಾಳೆ ಮಾಡಿಕೊಳ್ಳುತ್ತಿದ್ದ. ಅದರ ಮೇಲೆ ರೈಲು, ಸುರಂಗ, ಕುದುರೆ ಸವಾರ. ಮೊದಮೊದಲ ಚಿತ್ರಗಳನ್ನು ಸಿಬ್ಬಂದಿ ಕಸಕ್ಕೆ ಹಾಕಿದರು. ತಾರ್ಮೊ ಪಾಸ್ಟೊ ಎಂಬ ಪ್ರಾಧ್ಯಾಪಕ ಬಂದು ಕಾಗದ ಬಣ್ಣ ಕೊಟ್ಟು, ಬರೆದದ್ದನ್ನು ಎತ್ತಿಡದಿದ್ದರೆ ಇವತ್ತು ನಮಗೆ ಆ ನಾನೂರೈವತ್ತರಷ್ಟು ಚಿತ್ರಗಳು ಸಿಗುತ್ತಿರಲಿಲ್ಲ. ಬ್ರೆಜಿಲ್ಲಿನ ಆರ್ತುರ್ ಬಿಸ್ಪೊ ದೊ ರೊಸಾರಿಯೊ ಆಸ್ಪತ್ರೆಯ ನೀಲಿ ಸಮವಸ್ತ್ರದ ನೂಲು ಬಿಚ್ಚಿ ಅದರಿಂದಲೇ ಕಸೂತಿ ಹಾಕಿದ. ದೇವರ ಎದುರು ನಿಲ್ಲುವ ದಿನಕ್ಕೆಂದು ಮೇಲಂಗಿಯೊಂದನ್ನು ವರ್ಷಗಟ್ಟಲೆ ಹೊಲಿದ. ಆತ 1989ರಲ್ಲಿ ತೀರಿಕೊಂಡ. 1995ರಲ್ಲಿ ಆ ಕೆಲಸಗಳು ವೆನಿಸ್ ಬಿಯೆನಾಲೆ ಕಲಾಪ್ರದರ್ಶನಕ್ಕೆ ಹೋದವು.

ಅದೇ ಬ್ರೆಜಿಲ್ಲಿನಲ್ಲಿ ನೀಸೆ ದ ಸಿಲ್ವೇರಾ ಎಂಬ ವೈದ್ಯೆ ಇದ್ದರು. ರಾಜಕೀಯ ಕಾರಣಕ್ಕೆ ಜೈಲು ಕಂಡು, ಕೆಲಸ ಕಳೆದುಕೊಂಡು, ರಿಯೊದ ಆಸ್ಪತ್ರೆಗೆ ಮರಳಿದಾಗ ಅಲ್ಲಿ ವಿದ್ಯುತ್ ಶಾಕ್, ಮಿದುಳು ಕೊಯ್ಯುವ ಶಸ್ತ್ರಚಿಕಿತ್ಸೆಗಳ ಅಬ್ಬರ. ಅವರು ಅದನ್ನು ಮಾಡಲೊಲ್ಲೆ ಎಂದರು. ಯಾರಿಗೂ ಬೇಡವಾದ ವಿಭಾಗವೊಂದನ್ನು ಅವರಿಗೆ ವಹಿಸಿದರು, ರೋಗಿಗಳಿಗೆ ಕಸ ಗುಡಿಸುವ ಕೆಲಸ ಕೊಡುವ ವಿಭಾಗ. 1946ರಲ್ಲಿ ಅದನ್ನೇ ಅವರು ಚಿತ್ರಶಾಲೆ ಮಾಡಿದರು. 1952ರಲ್ಲಿ ಆ ಚಿತ್ರಗಳ ವಸ್ತುಸಂಗ್ರಹಾಲಯ ಕಟ್ಟಿದರು. ರೋಗಿಗಳ ಜೊತೆಗೆ ನಾಯಿಗಳನ್ನೂ ಒಳಗೆ ಬಿಟ್ಟರು. ಚಿತ್ರಶಾಲೆಯಲ್ಲಿ ಪಾಠವಿರಲಿಲ್ಲ, ತಿದ್ದುವವರಿರಲಿಲ್ಲ. ಆ ಹೊತ್ತಿಗೇ ಇಂಗ್ಲೆಂಡಿನ ನೆದರ್ನ್ ಆಸ್ಪತ್ರೆಯಲ್ಲಿ ಎಡ್ವರ್ಡ್ ಆಡಮ್ಸನ್, ಆಮೇಲೆ ವಿಯೆನ್ನಾ ಬಳಿಯ ಗುಗಿಂಗ್‌ನಲ್ಲಿ ಲಿಯೊ ನವ್ರಾಟಿಲ್ ಇಂಥದೇ ಕೆಲಸ ಮಾಡಿದರು. ಒಬ್ಬ ಗಟ್ಟಿ ಮನುಷ್ಯ, ಒಂದು ಕೋಣೆ, ಬಣ್ಣ, ಕಾಗದ. ಎಲ್ಲ ಕಡೆಯೂ ಇಷ್ಟೇ.

ಎತ್ತಿಟ್ಟದ್ದೇ ಕುತ್ತಾದ ಉದಾಹರಣೆಯೂ ಇದೆ. ರಿಕ್ಟರಳ ಜಾಕೀಟು ಇರುವ ಸಂಗ್ರಹ ಹಾನ್ಸ್ ಪ್ರಿನ್ಸ್‌ಹಾರ್ನ್ ಎಂಬ ವೈದ್ಯ 1919ರಿಂದ ಜರ್ಮನಿಯ ಆಸ್ಪತ್ರೆಗಳಿಗೆಲ್ಲ ಕಾಗದ ಬರೆದು ಕೂಡಿಸಿದ್ದು, ಸುಮಾರು ಐದು ಸಾವಿರ ಕೃತಿ. 1922ರ ಅವರ ಪುಸ್ತಕ ಯುರೋಪಿನ ಕಲಾವಿದರನ್ನು ಬೆರಗುಗೊಳಿಸಿತು. ಹದಿನೈದು-ಹದಿನಾರು ವರ್ಷದ ಬಳಿಕ ನಾಜಿಗಳು ಅದೇ ಸಂಗ್ರಹದ ಚಿತ್ರಗಳನ್ನು ‘ಕೆಟ್ಟ ಕಲೆ’ಯ ಪ್ರದರ್ಶನಗಳಲ್ಲಿ ತೂಗುಹಾಕಿ, ನೋಡಿ, ಆಧುನಿಕ ಕಲಾವಿದರಿಗೂ ಹುಚ್ಚರಿಗೂ ವ್ಯತ್ಯಾಸವಿಲ್ಲ ಎಂದು ಹಂಗಿಸಿದರು. ಪ್ರಿನ್ಸ್‌ಹಾರ್ನ್ ಬಹುವಾಗಿ ಮೆಚ್ಚಿದ್ದ ರೋಗಿ ಫ್ರಾಂಟ್ಸ್ ಕಾರ್ಲ್ ಬ್ಯೂಲರ್, ಕಬ್ಬಿಣದ ಕುಸುರಿ ಕೆಲಸದವನು, 1893ರ ಶಿಕಾಗೊ ಮೇಳದಲ್ಲಿ ತನ್ನ ಕೆಲಸ ತೋರಿಸಿದ್ದವನು. ಅವನನ್ನು ನಾಜಿಗಳು 1940ರಲ್ಲಿ ಗ್ರಾಫೆನೆಕ್ ಎಂಬಲ್ಲಿ ಅನಿಲ ಹಾಯಿಸಿ ಕೊಂದರು. ರೋಗಿಗಳ ಕಲೆಯ ಚರಿತ್ರೆ ಬರೆಯುವವರು ಈ ಸಾವನ್ನು ಅಡಿಟಿಪ್ಪಣಿಗೆ ತಳ್ಳಬಾರದು.

ನಮ್ಮ ದೇಶದಲ್ಲಿ ಈ ಚರಿತ್ರೆ ಬಹುಪಾಲು ಬರಹದ್ದು. ಮಲಯಾಳಂ ಲೇಖಕ ವೈಕಂ ಮುಹಮ್ಮದ್ ಬಶೀರ್ ‘ಪಾತುಮ್ಮಾಳ ಆಡು’ ಕಾದಂಬರಿಯನ್ನು 1954ರಲ್ಲಿ, ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ ಕಾಲದಲ್ಲಿ ಬರೆದರು. ತಿದ್ದಿ ಅಚ್ಚು ಹಾಕಿಸಬೇಕೆಂದಿದ್ದದ್ದು ತಿದ್ದದೆಯೇ 1959ರಲ್ಲಿ ಪ್ರಕಟವಾಯಿತು. ನೆಮ್ಮದಿ ಬೇಕೆಂದು ಮನೆಗೆ ಬಂದ ಲೇಖಕ, ಮನೆ ತುಂಬ ತಮ್ಮಂದಿರು, ತಂಗಿಯರು, ಮಕ್ಕಳು, ಕೋಳಿ, ಕೊನೆಗೆ ಅವನದೇ ಪುಸ್ತಕಗಳನ್ನು ಮೇಯುವ ಒಂದು ಆಡು. ಕಾಯಿಲೆಯ ಕತ್ತಲೆ ಅಲ್ಲಿ ಎಲ್ಲೂ ಇಲ್ಲ; ಗದ್ದಲದ ಮನೆಯೊಂದು ಮನುಷ್ಯನನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಮಾತ್ರ ಇದೆ. ಬಂಗಾಳಿ ಕವಿ ಬಿನಯ್ ಮಜುಂದಾರ್ ಎಂಜಿನಿಯರಿಂಗ್ ಓದಿದವರು, ಸ್ಕಿಜೋಫ್ರೇನಿಯಾದೊಂದಿಗೆ ದಶಕಗಳನ್ನು ಕಳೆದು, ಸಾಯುವ ಮುನ್ನಾ ವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಚಲನಚಿತ್ರ ನಿರ್ದೇಶಕ ಋತ್ವಿಕ್ ಘಟಕ್ 1969ರಲ್ಲಿ ಕಲ್ಕತ್ತೆಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಒಂದು ನಾಟಕ ಬರೆದು ಅಲ್ಲಿಯವರಿಂದಲೇ ಆಡಿಸಿದರು. ಪುಣೆಯ ರೇಷ್ಮಾ ವಲ್ಲಿಯಪ್ಪನ್ ಸ್ಕಿಜೋಫ್ರೇನಿಯಾದ ಜೊತೆಗಿನ ತಮ್ಮ ಬದುಕನ್ನು 2015ರಲ್ಲಿ ಪುಸ್ತಕವಾಗಿಸಿದರು, ಚಿತ್ರವನ್ನೂ ಬರೆಯುತ್ತಾರೆ.

ಬರೆದರೆ ಗುಣವಾಗುತ್ತದೆ ಎನ್ನುವವರು ಸ್ವದೇಶ್ ದೀಪಕ್ ಅವರನ್ನು ನೆನೆಯಬೇಕು. ‘ಕೋರ್ಟ್ ಮಾರ್ಷಲ್’ ನಾಟಕದ ಈ ಹಿಂದಿ ಲೇಖಕ 1991ರಿಂದ ಏಳೆಂಟು ವರ್ಷ ಬೈಪೋಲಾರ್‌ನಲ್ಲಿ ಬೆಂದು, ಹೊರಬಂದು, 2003ರಲ್ಲಿ ಆ ವರ್ಷಗಳ ಬಗ್ಗೆ ‘ಮೈನೆ ಮಾಂಡು ನಹೀ ದೇಖಾ’ ಎಂಬ ಅಪೂರ್ವ ಪುಸ್ತಕ ಬರೆದರು. 2006ರ ಜೂನ್ ತಿಂಗಳಲ್ಲಿ ಅಂಬಾಲಾದ ಮನೆಯಿಂದ ವಾಕಿಂಗ್ ಹೋದವರು ಹಿಂದಿರುಗಲಿಲ್ಲ. ಪುಸ್ತಕ ಅವರನ್ನು ಉಳಿಸಲಿಲ್ಲ. ಆದರೂ ಅದೇ ಕತ್ತಲಲ್ಲಿರುವ ಎಷ್ಟೋ ಓದುಗರಿಗೆ ಅದು ಜೊತೆಯಾಗಿದೆ.

ಕನ್ನಡದಲ್ಲಿ ಈ ಮಾತು ಬಂದರೆ ತ್ರಿವೇಣಿ. ಮನಶ್ಶಾಸ್ತ್ರ ಓದಿದ್ದ ಅವರ ‘ಶರಪಂಜರ’ ಕಾದಂಬರಿಯನ್ನು, 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದರಿಂದ ಮಾಡಿದ ಸಿನಿಮಾವನ್ನು ನಾವು ನಾಯಕಿ ಕಾವೇರಿಯ ದುರಂತ ಎಂದು ಅತ್ತು ಮುಗಿಸಿದ್ದೇವೆ. ಅದರಲ್ಲಿ ಆಸ್ಪತ್ರೆ ಸೋಲುವುದಿಲ್ಲ ಎಂಬುದನ್ನು ಗಮನಿಸಿ. ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಆಮೇಲೆ ಅವಳು ನಕ್ಕರೂ ತಪ್ಪು, ಸಿಟ್ಟಾದರೂ ತಪ್ಪು; ಎಲ್ಲವೂ ಹಳೆಯ ಕಾಯಿಲೆಯ ಲಕ್ಷಣ. ಕಾಯಿಲೆಯಿಂದ ಎದ್ದು ಬಂದವರು ಕವಿತೆ ಬರೆದರೆ ಇವತ್ತೂ ಮನೆಯವರು ಅದನ್ನು ಲಕ್ಷಣದ ಪಟ್ಟಿಗೆ ಸೇರಿಸುತ್ತಾರೆ. ರಾತ್ರಿ ಹನ್ನೊಂದರವರೆಗೆ ಹಾರ್ಮೋನಿಯಂ ಹಿಡಿದು ಕೂತರೆ ‘ಮತ್ತೆ ಶುರುವಾಯ್ತು’. ಕೆಲವೊಮ್ಮೆ ಅದು ನಿಜವೂ ಹೌದು. ನಿದ್ದೆ ಬಿಟ್ಟು ಬರೆಯತೊಡಗುವುದು ಉನ್ಮಾದದ ಮೊದಲ ಸುಳಿವಾಗಿರಬಹುದು. ಎರಡನ್ನೂ ಬೇರೆ ಮಾಡಿ ನೋಡಲು ಹತ್ತಿರದವರಿಗೆ ಅವರ ಕೆಲಸದ ಪರಿಚಯ ಇರಬೇಕು. ಕವಿತೆಯನ್ನು ಓದಿದವರಿಗೆ ಮಾತ್ರ ಈ ಸಲದ ಕವಿತೆ ಹಳಿ ತಪ್ಪಿದೆಯೇ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಕಲೆಯನ್ನು ಚಿಕಿತ್ಸೆಯಾಗಿ ಕೊಟ್ಟರೆ? ಸ್ಕಿಜೋಫ್ರೇನಿಯಾಕ್ಕೆ ಸಂಗೀತ ಚಿಕಿತ್ಸೆಯ ಬಗ್ಗೆ 18 ಅಧ್ಯಯನ, 1,215 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕೊಕ್ರೇನ್ ವಿಮರ್ಶೆ, ಮಾಮೂಲು ಚಿಕಿತ್ಸೆಯ ಜೊತೆಗೆ ಸಂಗೀತ ಸೇರಿದಾಗ ಮಂಕು ಕಡಿಮೆಯಾಗುತ್ತದೆ, ಜನರೊಡನೆ ಬೆರೆಯುವುದು ಸುಧಾರಿಸುತ್ತದೆ ಎಂದಿತು; ಕಲಿತ ಚಿಕಿತ್ಸಕರು ಬೇಕು, ಸಾಕಷ್ಟು ಸಲ ನಡೆಯಬೇಕು. ಚಿತ್ರಕಲೆಯ ವಿಷಯದಲ್ಲಿ ಬ್ರಿಟನ್ನಿನಲ್ಲಿ 417 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2012ರಲ್ಲಿ ಬಂತು: ವಾರಕ್ಕೊಮ್ಮೆಯ ಗುಂಪು ತರಗತಿಯಿಂದ ಲಾಭವಾಗಲಿಲ್ಲ. ಎಷ್ಟೋ ಮಂದಿ ತರಗತಿಗೇ ಬಂದಿರಲಿಲ್ಲ. ಇದು ನಿರಾಸೆಯ ಸುದ್ದಿ ಎಂದು ನನಗೆ ಅನ್ನಿಸುವುದಿಲ್ಲ. ಚೀಟಿ ಎತ್ತಿ ಯಾರನ್ನೋ ಚಿತ್ರಕ್ಕೆ ಕೂರಿಸುವುದು ಬೇರೆ, ರಮಿರೆಸ್‌ಗೆ ಕಾಗದ ಕೊಡುವುದು ಬೇರೆ. ನಮ್ಮಲ್ಲಿ ಮಾತ್ರ ಇಂಥ ರಾಗ ಇಂಥ ಕಾಯಿಲೆಗೆ ಎಂದು ಪಟ್ಟಿ ಹಂಚುವವರಿದ್ದಾರೆ. ತೀವ್ರ ಕಾಯಿಲೆಗೆ ರಾಗವೊಂದು ಔಷಧದ ಬದಲಾಗುತ್ತದೆ ಎನ್ನಲು ಆಧಾರವಿಲ್ಲ. ಅದನ್ನು ನಂಬಿ ಮಾತ್ರೆ ನಿಲ್ಲಿಸಿದ ಮನೆಗಳಲ್ಲಿ ಆಗುವ ಅನಾಹುತವನ್ನು ರಾಗ ಸರಿಪಡಿಸದು.

ಕಾಯಿಲೆಯೊಡನೆ ಸೃಜನಶೀಲವಾಗಿ ಬದುಕುವುದು ಹೇಗಿರುತ್ತದೆ ಎಂದರೆ ನಾನು ಜಪಾನಿನ ಯಯೋಯಿ ಕುಸಾಮಾ ಅವರನ್ನು ತೋರಿಸುತ್ತೇನೆ. 1929ರಲ್ಲಿ ಹುಟ್ಟಿದ ಈಕೆಗೆ ಬಾಲ್ಯದಿಂದಲೇ ಭ್ರಮೆಗಳು. ಕಂಡ ಚುಕ್ಕೆಗಳೇ ಚಿತ್ರವಾದವು. 1977ರಿಂದ ಟೋಕಿಯೊದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸ್ವಇಚ್ಛೆಯಿಂದ ವಾಸ. ಚಿತ್ರಶಾಲೆ ಹತ್ತಿರದಲ್ಲೇ. ಹಗಲು ಕೆಲಸ, ರಾತ್ರಿ ಆಸ್ಪತ್ರೆ. ಹುಚ್ಚು ಆವೇಶದ ಕಲಾವಿದೆ ಎಂದು ಜಗತ್ತು ಕೊಂಡಾಡುವ ಹೆಂಗಸಿನ ದಿನಚರಿ ಗುಮಾಸ್ತರ ದಿನಚರಿಯಷ್ಟು ನಿಯತ.

ಅಷ್ಟು ಹಣ, ಅಷ್ಟು ಹೆಸರು ಇಲ್ಲದವರಿಗೆ ಈ ದಿನಚರಿ ಎಲ್ಲಿಂದ ಬರಬೇಕು? ಕರ್ನಾಟಕಕ್ಕೆ ಈ ವಿಷಯದಲ್ಲಿ ಒಳ್ಳೆಯ ಹಿನ್ನೆಲೆ ಇದೆ. 1847ರ ಬೆಂಗಳೂರಿನ ಹುಚ್ಚಾಸ್ಪತ್ರೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ಮರಗೆಲಸ, ಮುದ್ರಣದ ತರಬೇತಿ ನಡೆಯುತ್ತ ಬಂದಿದೆ. 1985ರಲ್ಲಿ ಬಳ್ಳಾರಿಯಲ್ಲಿ ಮಾಡಿ ನೋಡಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಜಿಲ್ಲೆಗಳಲ್ಲಿ ಮಾನಸಧಾರಾ ಹಗಲು ಆರೈಕೆ ಕೇಂದ್ರಗಳಿವೆ. ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕೆಲಸ ಮೇಣದಬತ್ತಿ, ಕಾಗದದ ಕವರು, ಊದುಬತ್ತಿ. ಒಳ್ಳೆಯದೇ, ನಾಲ್ಕು ಕಾಸು ಕೈಗೆ ಬರುತ್ತದೆ. ಆದರೆ ಕೇಂದ್ರಕ್ಕೆ ಬರುವವರಲ್ಲಿ ಯಕ್ಷಗಾನದ ಚೆಂಡೆಯವನು ಇರಬಹುದು, ಗೀಗೀ ಪದ ಬಲ್ಲವಳು ಇರಬಹುದು, ಕೌದಿ ಹೊಲಿಯುವ ಕೈ ಇರಬಹುದು. ಸೇರಿಸಿಕೊಳ್ಳುವ ದಿನದ ಫಾರಮ್ಮಿನಲ್ಲಿ ಹೆಸರು, ವಯಸ್ಸು, ಮಾತ್ರೆಗಳ ಜೊತೆ ಇನ್ನೊಂದು ಸಾಲು ಸೇರಿಸಲು ಖರ್ಚಿಲ್ಲ: ಕಾಯಿಲೆಗೆ ಮುಂಚೆ ಏನು ಮಾಡಲು ಇಷ್ಟವಿತ್ತು. ಹಳ್ಳಿಯ ಭಜನೆ ಮಂಡಳಿಗಳು ಈ ಕೆಲಸವನ್ನು ಯಾವ ಯೋಜನೆಯೂ ಇಲ್ಲದೆ ಮಾಡುತ್ತಿವೆ. ಮಾತು ಕಡಿಮೆಯಾದವನಿಗೆ ತಾಳ ಕೊಟ್ಟು ಕೂರಿಸುತ್ತಾರೆ, ವಾರಕ್ಕೊಮ್ಮೆ ಅವನಿಗೊಂದು ಜಾಗ ಸಿಗುತ್ತದೆ.

ಇನ್ನುಳಿದದ್ದು ಒಡೆತನದ ಪ್ರಶ್ನೆ. ಪ್ರಿನ್ಸ್‌ಹಾರ್ನ್ ತನ್ನ ಪುಸ್ತಕದಲ್ಲಿ ಮುಖ್ಯ ಕಲಾವಿದರಿಗೆಲ್ಲ ಸುಳ್ಳು ಹೆಸರು ಕೊಟ್ಟರು. ಬ್ಯೂಲರ್ ಎಷ್ಟೋ ಕಾಲ ಪೋಲ್ ಎಂಬ ಹೆಸರಲ್ಲೇ ಪ್ರಸಿದ್ಧ. ಮಾನ ಕಾಪಾಡಲೆಂದು ಮಾಡಿದ್ದು, ಹೆಸರನ್ನೇ ನುಂಗಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆ ಪಡೆಯುತ್ತಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡುವಂತಿಲ್ಲ ಎನ್ನುತ್ತದೆ. ಇದೇ ನಿಯಮವನ್ನು ಅವರ ಚಿತ್ರ, ನೋಟುಬುಕ್ಕುಗಳಿಗೂ ಪಾಲಿಸಬೇಕು. ವಾರ್ಷಿಕೋತ್ಸವಕ್ಕೆ ಗೋಡೆಗೆ ಅಂಟಿಸುವ ಮುನ್ನ ಕೇಳಬೇಕು, ಹೆಸರು ಹಾಕಲೇ ಬೇಡವೇ ಎಂದೂ ಕೇಳಬೇಕು, ಮಾರಿದರೆ ದುಡ್ಡು ಬರೆದವರ ಖಾತೆಗೆ ಹೋಗಬೇಕು. ಬಿಡುಗಡೆಯ ದಿನ ಮಾತ್ರೆಚೀಟಿಯ ಜೊತೆಗೆ ಆ ನೋಟುಬುಕ್ಕೂ ಅವರ ಕೈಚೀಲ ಸೇರಬೇಕು. ಒಳಗೆ ಖಾಲಿ ಹಾಳೆ ಉಳಿದಿಲ್ಲದಿದ್ದರೆ ಹೊಸದೊಂದನ್ನೂ ಇಟ್ಟು ಕಳಿಸಲಿ.